ಹದಿನಾಲ್ಕು ತೂತಿನ ಬೂಟು

ಸ್ವಿಟ್ಜರ್ಲೆಂಡಿಗೆ ಹೋಗಿ ಬಂದವನೆಂದು ಗೊತ್ತಾದ ಕೂಡಲೇ ಜನ ನನ್ನನ್ನು ಹಿಮದ ಬಗ್ಗೆ ಕೇಳುತ್ತಾರೆ. ಕೆಲವರು ಗಡಿಯಾರದ ಬಗ್ಗೆ ಕೇಳುತ್ತಾರೆ. ನನಗೋ, ಆ ದೇಶವೆಂದರೆ ಮೊದಲು ಕಣ್ಣಿಗೆ ಕಟ್ಟುವುದು ಶೀನ ಮೇಸ್ತ್ರಿಗಳ ಕಾಲಿನಲ್ಲಿದ್ದ ಒಂದು ಜೊತೆ ಬೂಟು. ಹಿಮ ಕರಗಿ ಹೋಯಿತು, ಆ ಬೂಟು ಈಗಲೂ ನಮ್ಮನೆಯ ಅಟ್ಟದ ಮೇಲಿದೆ.

ಕುಂದಾಪುರ

ಅರವತ್ತರ ದಶಕದ ಮಾತು. ನಾನು ಬ್ರಹ್ಮಾವರದವನು, ಕುಂದಾಪುರದ ಹೊಳೆಬದಿಯ ಹಂಚಿನ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಹಂಚು ಒತ್ತುವ ಹೊಸ ಯಂತ್ರವೊಂದನ್ನು ಸ್ವಿಟ್ಜರ್ಲೆಂಡಿನಿಂದ ತರಿಸುವುದೆಂದು ಧಣಿಗಳು ನಿಶ್ಚಯಿಸಿದರು. ಅದನ್ನು ನಡೆಸಲು ಕಲಿತು ಬರಬೇಕಾದವರು ಶೀನ ಮೇಸ್ತ್ರಿ. ಗುಲ್ವಾಡಿಯವರು, ಐವತ್ತು ದಾಟಿದವರು, ಮೂವತ್ತು ವರ್ಷ ಹೊಳೆಯ ಮಣ್ಣು ತುಳಿದ ಕಾಲು ಅವರದು. ಮುಷ್ಟಿ ಮಣ್ಣನ್ನು ಮೂಸಿ ಇದು ಸುಟ್ಟರೆ ಬಿರಿಯುತ್ತದೆ, ಇದು ಬಿರಿಯುವುದಿಲ್ಲ ಎಂದು ಹೇಳಬಲ್ಲವರು. ಆದರೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ನಾನು ಇಂಗ್ಲಿಷ್ ಬಲ್ಲವನೆಂದೂ, ಜರ್ಮನ್ ಭಾಷೆಯ ಒಂದು ಬಾಲಬೋಧೆಯನ್ನು ಅರ್ಧ ಓದಿದವನೆಂದೂ ಖ್ಯಾತಿ ಇತ್ತು. ಹಾಗೆ ಮೇಸ್ತ್ರಿಗಳ ಬಾಲವಾಗಿ ನಾನೂ ಹಡಗು ಹತ್ತಿದೆ.

ಹೊರಡುವ ಮೊದಲು ಮೇಸ್ತ್ರಿಗಳು ಒಂದು ದಿನ ರಜೆ ಹಾಕಿ ಕೊಲ್ಲೂರಿಗೆ ಹೋಗಿ ಬಂದರು. ಅವರಿಗಿದ್ದವಳು ಗಿರಿಜ ಎಂಬ ಒಬ್ಬಳೇ ಮಗಳು. ಎರಡು ಸಲ ಬಸುರಾಗಿ ಎರಡು ಸಲವೂ ಮಗು ದಕ್ಕಿರಲಿಲ್ಲ. ಎರಡನೆಯ ಸಲ ಅವಳೂ ಬದುಕಿ ಉಳಿದದ್ದು ದೊಡ್ಡದು. ಈಗ ಮೂರನೆಯ ಬಸುರಿ. ವಿಜಯದಶಮಿಯ ದಿನ ಮಧ್ಯಾಹ್ನದೊಳಗೆ ಕೊಡಚಾದ್ರಿಯ ನೆತ್ತಿ ಹತ್ತಿ ಕೈಮುಗಿದು ಬರುತ್ತೇನೆ, ಮಗಳನ್ನೂ ಮಗುವನ್ನೂ ಉಳಿಸಿಕೊಡು ಎಂದು ಮೇಸ್ತ್ರಿಗಳು ಕೊಲ್ಲೂರಿನ ಅಮ್ಮನಿಗೆ ಹರಕೆ ಹೊತ್ತಿದ್ದರು. ಅಷ್ಟರಲ್ಲಿ ಪರದೇಶದ ಪ್ರಯಾಣ ಬಂತು. ವಿಜಯದಶಮಿಗೆ ನಾವು ಸಮುದ್ರದಾಚೆ.

ಕೊಲ್ಲೂರಿನ ಅರ್ಚಕರು ಬಹಳ ವ್ಯವಹಾರ ಬಲ್ಲವರಿರಬೇಕು. ಇರುವ ಊರಿನಲ್ಲೇ ಒಂದು ಗುಡ್ಡ ಹತ್ತಿ, ಅಲ್ಲಿಯ ಸೂರ್ಯ ನೆತ್ತಿಗೆ ಬರುವುದರೊಳಗೆ ತುದಿ ಮುಟ್ಟಿ, ಅಮ್ಮನನ್ನು ನೆನೆಯಿರಿ, ತಲಪುತ್ತದೆ, ಆದರೆ ಹೊತ್ತು ಮೀರಬಾರದು ಎಂದರಂತೆ. ಈ ಮಾತನ್ನು ಮೇಸ್ತ್ರಿಗಳು ಬೊಂಬಾಯಿಯಿಂದ ಇಟಲಿಯವರೆಗೆ ಹಡಗಿನ ಮೇಲೆ ನನಗೆ ದಿನಕ್ಕೊಂದು ಸಲ ಹೇಳಿದರು.

ಓಬರ್‌ಬಾಖ್

ಯಂತ್ರದ ಕಾರ್ಖಾನೆಯಿದ್ದ ಪೇಟೆಯಿಂದ ರೈಲಿನಲ್ಲಿ ಎರಡು ತಾಸು ಹೋದರೆ ಓಬರ್‌ಬಾಖ್ ಎಂಬ ಹಳ್ಳಿ. ವಿಜಯದಶಮಿಯ ಹಿಂದಿನ ದಿನ ರಜೆ ಕೇಳಿಕೊಂಡು ಅಲ್ಲಿಗೆ ಬಂದೆವು. ಊರೆಂದರೆ ಮೂವತ್ತು ಮನೆ, ಒಂದು ಇಗರ್ಜಿ, ಉಳಿದದ್ದೆಲ್ಲ ಹಸುರು. ಮನೆಗಳ ಮಾಡಿಗೆ ಹಂಚಿಲ್ಲ, ಮರದ ಚಕ್ಕೆ ಹೊದಿಸಿ ಮೇಲೆ ಕಲ್ಲು ಹೇರಿದ್ದಾರೆ. ಮೇಸ್ತ್ರಿಗಳು ರಸ್ತೆಯ ಮಧ್ಯೆ ನಿಂತು ಆ ಮಾಡುಗಳನ್ನು ನೋಡಿ, ಪಾಪದವರು ಎಂದು ಮರುಗಿದರು.

ನಾವು ಉಳಿದುಕೊಂಡ ಮನೆಯ ಯಜಮಾನಿ ಒಬ್ಬ ವಿಧವೆ, ಎಪ್ಪತ್ತರ ಮೇಲಿನ ಹೆಂಗಸು. ಮೇಸ್ತ್ರಿಗಳು ಚಪ್ಪಲಿಯಲ್ಲೇ ಗುಡ್ಡ ಹತ್ತುತ್ತಾರೆಂದು ತಿಳಿದು ಆ ಅಜ್ಜಿಗೆ ಎದೆ ಒಡೆದಂತಾಯಿತು. ಒಳಗೆ ಹೋಗಿ ತೀರಿಹೋದ ಗಂಡನ ಬೂಟು ತಂದು ಮುಂದಿಟ್ಟರು. ಕಡುಕಂದು ಚರ್ಮ, ಅಡಿಗೆ ಮೊಳೆ, ಒಂದೊಂದಕ್ಕೆ ಹದಿನಾಲ್ಕು ತೂತು, ಹಗ್ಗದಂಥ ದಾರ. ಎತ್ತಿದರೆ ಒಂದು ಡಜನ್ ಹಂಚಿನ ಭಾರ. ಮೇಸ್ತ್ರಿಗಳು ಬೇಡವೆನ್ನಲು ನೋಡಿದರು. ಆ ಅಜ್ಜಿ ಸ್ವತಃ ಮೊಣಕಾಲೂರಿ ದಾರ ಕಟ್ಟಲು ಬಂದಾಗ, ಹಿರಿಯರು ಕಾಲು ಮುಟ್ಟುವುದೇ ಎಂದು ಹೌಹಾರಿ ಒಪ್ಪಿಕೊಂಡುಬಿಟ್ಟರು.

ಆಮೇಲೆ ಅಜ್ಜಿ ನನಗೆ ದಾರಿ ವಿವರಿಸಿದರು. ಕೂಡುದಾರಿಗಳಲ್ಲಿ ಹಳದಿ ಹಲಗೆ ಇರುತ್ತದೆ, ಅದರಲ್ಲಿ ದೂರವನ್ನು ಮೈಲಿಯಲ್ಲಲ್ಲ, ತಾಸಿನಲ್ಲಿ ಬರೆದಿರುತ್ತಾರೆ. ನಡುವೆ ಕಲ್ಲುಗಳ ಮೇಲೆ ಬಿಳಿ, ಕೆಂಪು, ಬಿಳಿ ಎಂದು ಮೂರು ಪಟ್ಟೆ ಬಳಿದಿರುತ್ತಾರೆ, ಅದು ಕಂಡರೆ ದಾರಿ ಸರಿಯಾಗಿದೆ ಎಂದರ್ಥ. ನನ್ನ ಅರ್ಧ ಬಾಲಬೋಧೆಗೂ ಇಷ್ಟು ಅರ್ಥವಾಯಿತು. ಮೇಸ್ತ್ರಿಗಳು ಆಗ ಜಗಲಿಯಲ್ಲಿ ಬೂಟು ಹಾಕಿಕೊಂಡು ಹಿಂದೆ ಮುಂದೆ ನಡೆದು ನೋಡುತ್ತಿದ್ದರು, ಅವರಿಗೆ ಹೇಳಬೇಕೆಂದು ನನಗೆ ತೋಚಲಿಲ್ಲ.

ಮೊದಲ ಕಲ್ಲು

ಬೆಳಗ್ಗೆ ಏಳಕ್ಕೆ ಹೊರಟೆವು. ಹಲಗೆಯಲ್ಲಿ ತುದಿಗೆ ಮೂರೂವರೆ ತಾಸು ಎಂದಿತ್ತು. ಹತ್ತೂವರೆಗೆ ಮುಟ್ಟಿದರೆ ಮಧ್ಯಾಹ್ನಕ್ಕೆ ಇನ್ನೂ ಒಂದೂವರೆ ತಾಸು ಮಿಕ್ಕುತ್ತದೆ ಎಂದು ನಾನು ಲೆಕ್ಕ ಒಪ್ಪಿಸಿದೆ. ಮೇಸ್ತ್ರಿಗಳ ಜೋಳಿಗೆಯಲ್ಲಿ ಅವಲಕ್ಕಿ, ಬೆಲ್ಲ, ಊರಿನಿಂದ ತಂದ ಕುಂಕುಮದ ಪೊಟ್ಟಣ. ನನ್ನ ಕಾಲಲ್ಲಿ ಬೊಂಬಾಯಿಯಲ್ಲಿ ಕೊಂಡ ದಾರವಿಲ್ಲದ ನುಣುಪು ಶೂ. ಹತ್ತು ಹೆಜ್ಜೆಗೊಮ್ಮೆ ಜಾರುತ್ತಿತ್ತು.

ಎಂಥ ಬೆಳಗು ಅದು! ಚಳಿ ಮೂಗಿಗೆ ಹತ್ತಿ ಸುಮ್ಮಸುಮ್ಮನೆ ನಗೆ ಬರುತ್ತಿತ್ತು. ಎದುರು ಸಿಕ್ಕವರೆಲ್ಲ ನಮಸ್ಕಾರ ಹೇಳುತ್ತಾರೆ. ನಮ್ಮಲ್ಲಾದರೆ ಎಲ್ಲಿಗೆ ಹೊರಟದ್ದು, ಯಾರ ಮನೆಯವರು, ಮದುವೆಯಾಗಿದೆಯಾ ಎಂದು ಕೇಳದೆ ಬಿಡುವವರಿಲ್ಲ. ಇವರು ನಮಸ್ಕಾರ ಹೇಳಿ, ಉತ್ತರಕ್ಕೂ ಕಾಯದೆ ನಡೆದುಬಿಡುತ್ತಾರೆ. ಮೇಸ್ತ್ರಿಗಳಿಗೆ ಇದು ಸರಿ ಕಾಣಲಿಲ್ಲ. ಅವರು ಪ್ರತಿಯೊಬ್ಬರನ್ನೂ ಊರಿನಲ್ಲಿ ಕರೆದಂತೆ ಹ್ವಾಯ್ ಎಂದು ಕೂಗಿ ನಿಲ್ಲಿಸಲು ನೋಡಿದರು. ಆ ಕಡೆಯ ಹಳ್ಳಿಗರೂ ಒಬ್ಬರನ್ನೊಬ್ಬರು ಹೋಯ್ ಎಂದೇ ಮಾತಾಡಿಸುವುದಂತೆ. ಒಬ್ಬ ಮುದುಕ ಸಂತೋಷದಿಂದ ಹೋಯ್ ಎಂದು ಕೈ ಎತ್ತಿದ. ಮೇಸ್ತ್ರಿಗಳು ನನ್ನ ಕಡೆ ತಿರುಗಿ, ಭಾಷೆ ಕಲಿಯಲು ನಿಮಗೆ ಆರು ತಿಂಗಳು ಯಾಕೆ ಬೇಕಾಯಿತು ಎಂಬಂತೆ ನೋಡಿದರು.

ಕಾಡು ಶುರುವಾಗುವಲ್ಲಿ ಮೊದಲ ಕಲ್ಲು ಸಿಕ್ಕಿತು. ಪಾಚಿ ಹಿಡಿದ ದೊಡ್ಡ ಬಂಡೆ, ಅದರ ಹಣೆಯಲ್ಲಿ ಬಿಳಿ, ಕೆಂಪು, ಬಿಳಿ. ಮೇಸ್ತ್ರಿಗಳು ಗಕ್ಕನೆ ನಿಂತರು.

"ರೈಟ್ರೇ, ಇಲ್ಲೆಂತೋ ದೈವ ಇತ್ತ್ ಕಾಣಿ," ಎಂದರು ತಗ್ಗಿದ ಸ್ವರದಲ್ಲಿ. "ಸುಣ್ಣ, ಕಾವಿ ಬಳ್ದಿರ್. ಮೆಟ್ಟ್ ತೆಗಿಕ್."

ಅವರ ತಪ್ಪೇನೂ ಇಲ್ಲ. ನಮ್ಮ ಕಡೆ ಕಾಡಿನ ನಡುವೆ ಕಲ್ಲಿಗೆ ಯಾರಾದರೂ ಸುಣ್ಣ ಕಾವಿ ಬಳಿದಿದ್ದರೆ ಅಲ್ಲಿ ದೈವವೋ ನಾಗನೋ ಇದೆ ಎಂದು ಹಾಲು ಕುಡಿಯುವ ಕೂಸಿಗೂ ಗೊತ್ತು. ಮೆಟ್ಟು ಕಳಚಿ ಕೈಮುಗಿದೇ ಮುಂದೆ ಹೋಗುವುದು. ಆದರೆ ನಮ್ಮ ಮೆಟ್ಟು ಕಾಲು ಕೊಡವಿದರೆ ಕಳಚಿ ಬೀಳುತ್ತದೆ. ಮೇಸ್ತ್ರಿಗಳು ನೆಲಕ್ಕೆ ಕೂತರು. ಹದಿನಾಲ್ಕು ತೂತಿನ ದಾರ ಬಿಚ್ಚಿದರು. ಇನ್ನೊಂದು ಕಾಲಿನ ಹದಿನಾಲ್ಕು ಬಿಚ್ಚಿದರು. ಎದ್ದು ಕೈಮುಗಿದು, ಕಲ್ಲಿನ ಬುಡಕ್ಕೆ ಎರಡು ಕಾಳು ಅವಲಕ್ಕಿ ಇಟ್ಟು, ಮತ್ತೆ ಕೂತು ಇಪ್ಪತ್ತೆಂಟು ತೂತಿಗೂ ದಾರ ಪೋಣಿಸಿದರು.

ಆಗಲೇ ನಾನು ಹೇಳಬೇಕಿತ್ತು. ಹೇಳಲಿಲ್ಲ. ಕುಂದಾಪುರದ ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಈ ಕಥೆಯನ್ನು ನಟಿಸಿ ತೋರಿಸಿದರೆ ಹೇಗಿರುತ್ತದೆ ಎಂದು ಆಗಲೇ ಮನಸ್ಸಿನಲ್ಲಿ ಮಂಡಿಗೆ ತಿನ್ನುತ್ತಿದ್ದೆ. ನೂರು ಮಾರಿನಾಚೆ ಎರಡನೆಯ ಕಲ್ಲು ಕಂಡಿತು, ಮೇಸ್ತ್ರಿಗಳು ಮತ್ತೆ ಕೂತರು. ನಾನು ಮರದ ಹಿಂದೆ ಹೋಗಿ ಬಾಯಿಗೆ ಕೈವಸ್ತ್ರ ತುರುಕಿಕೊಂಡು ನಕ್ಕೆ. ಮೂರನೆಯದಕ್ಕೆ ನಾನು ಶೂ ಕಳಚದ್ದನ್ನು ನೋಡಿ ಅವರು ಕಾರಣ ಕೇಳಿದರು. ನಾನು ದೂರವೇ ನಿಂತಿದ್ದೇನೆ, ದೋಷವಿಲ್ಲ ಎಂದೆ. ಕಾಡು ದಟ್ಟವಾದಷ್ಟೂ ಕಲ್ಲುಗಳು ಹತ್ತಿರವಾದವು. ಇಷ್ಟೊಂದು ದೈವಗಳಿರುವ ಊರಿನಲ್ಲಿ ಜನ ಹೇಗೆ ಓಡಾಡುತ್ತಾರೋ ಎಂದು ಮೇಸ್ತ್ರಿಗಳೇ ಆಶ್ಚರ್ಯಪಟ್ಟರು.

ಜಲಪಾತ

ಜಲಪಾತ ಮೊದಲು ಕಿವಿಗೆ ಸಿಕ್ಕಿತು, ಆಮೇಲೆ ಮುಖಕ್ಕೆ ಸಿಡಿಯಿತು, ಕೊನೆಗೆ ಕಣ್ಣಿಗೆ ಬಿತ್ತು. ನಮ್ಮ ಕೊಲ್ಲೂರು ಕಡೆಯ ಬೆಳ್ಕಲ್ ತೀರ್ಥದ ಹಾಗೆಯೇ ನೆಟ್ಟಗೆ ಬೀಳುವ ನೀರು. ಆದರೆ ಅಲ್ಲಿ ಮಳೆಗಾಲ ಕಳೆದರೆ ಎಳೆಯಾಗುತ್ತದೆ, ಇಲ್ಲಿ ಮೇಲೆಲ್ಲೋ ಮಂಜು ಕರಗಿ ಸುರಿಯುತ್ತಲೇ ಇರುತ್ತದೆಯಂತೆ. ಕಾಲುದಾರಿ ಬಂಡೆಯನ್ನು ಕೊರೆದು ನೀರಿನ ಬೆನ್ನ ಹಿಂದೆ ಹಾದು ಹೋಗುತ್ತದೆ. ಪರದೆಯ ಹಿಂದೆ ನಿಂತ ವೇಷದವರ ಹಾಗೆ ನಾವು ನಿಂತು ಹೊರಗಿನ ಲೋಕವನ್ನು ನೋಡಿದೆವು. ನಾನು ಸುಮ್ಮನೆ ಕೂಗಿದೆ. ನನ್ನ ಕೂಗು ನನಗೇ ಕೇಳಲಿಲ್ಲ. ಮೇಸ್ತ್ರಿಗಳೂ ಕೂಗಿದರು. ಇಬ್ಬರೂ ತೊಪ್ಪೆಯಾಗಿ, ಹುಚ್ಚರ ಹಾಗೆ ನಗುತ್ತ ಆಚೆ ಬದಿಗೆ ಬಂದೆವು.

ಅಲ್ಲಿ ಹಳದಿ ಹಲಗೆ ಇತ್ತು. ತುದಿಗೆ ಎರಡು ತಾಸು.

ಗಡಿಯಾರ ನೋಡಿದೆ. ಹತ್ತು ದಾಟಿ ಐದು ನಿಮಿಷ. ಹಲಗೆ ಹೇಳಿದ ಒಂದೂವರೆ ತಾಸಿನ ದಾರಿಗೆ ನಾವು ಮೂರು ತಾಸು ತೆಗೆದುಕೊಂಡಿದ್ದೆವು. ಇನ್ನೊಂದು ಕಲ್ಲಿಗೂ ಕೂರದೆ ನಡೆದರೂ ಮಧ್ಯಾಹ್ನ ಮೀರುತ್ತದೆ. ಗಿರಿಜಳನ್ನು ನಾನು ನೋಡಿದ್ದೆ. ಎರಡನೆಯ ಸಲ ಆಸ್ಪತ್ರೆಯಿಂದ ಬಂದ ಮೇಲೆ ಅಪ್ಪನಿಗೆ ಬುತ್ತಿ ತಂದುಕೊಡುತ್ತ ಕಾರ್ಖಾನೆಯ ಗೇಟಿನಲ್ಲಿ ನಿಂತವಳ ಮುಖ ನೆನಪಾಯಿತು. ಹರಕೆಯಲ್ಲಿ ನನಗೆ ನಂಬಿಕೆ ಇತ್ತೋ ಇಲ್ಲವೋ, ಅದು ಬೇರೆ ಮಾತು. ಮೇಸ್ತ್ರಿಗಳಿಗೆ ಇತ್ತು. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ, ಹೊತ್ತು ಮೀರಿದ್ದರಿಂದಲೇ ಆಯಿತು ಎಂದು ಅವರು ಸಾಯುವವರೆಗೆ ಕೊರಗುತ್ತಾರೆ. ಆ ಹೊತ್ತನ್ನು ತಿಂದದ್ದು ನಾನು.

ಮುಂದಿನ ಕಲ್ಲು ಹತ್ತು ಹೆಜ್ಜೆಯಲ್ಲೇ ಇತ್ತು. ಅವರು ಕೂತು ದಾರಕ್ಕೆ ಕೈ ಹಾಕಿದಾಗ ನಾನೂ ಎದುರಿಗೆ ಕೂತು ಎಲ್ಲ ಹೇಳಿದೆ. ಇದು ದೈವವಲ್ಲ, ದಾರಿಯ ಗುರುತು, ನಿನ್ನೆಯೇ ಅಜ್ಜಿ ಹೇಳಿದ್ದರು, ನಗೆಯಾಟಕ್ಕೆ ಮುಚ್ಚಿಟ್ಟೆ ಎಂದೆ. ಗಡಿಯಾರವನ್ನೂ ತೋರಿಸಿದೆ.

ಮೇಸ್ತ್ರಿಗಳು ದಾರದಿಂದ ಕೈ ತೆಗೆದು ನನ್ನ ಮುಖ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

"ನಿಮ್ಗೆ ನೆಗಿ ಬೇಕಿತ್ತ್," ಎಂದರು. "ನಂಗೆ ನನ್ನ್ ಮಗಳ್ ಬೇಕಿತ್ತ್."

ನಾನು ತಲೆ ತಗ್ಗಿಸಿದೆ. ಬದುಕಿನಲ್ಲಿ ಅಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ. ಇನ್ನು ಕಲ್ಲುಗಳಿಗೆ ನಿಲ್ಲದೆ ಓಡಿದರೆ ಹೇಗಾದರೂ ಹೊತ್ತು ಹಿಡಿಯಬಹುದೇನೋ ಎಂದು ತೊದಲಿದೆ. ಮೇಸ್ತ್ರಿಗಳು ಕಲ್ಲನ್ನೊಮ್ಮೆ ನೋಡಿದರು.

"ದಾರಿ ತೋರ್ಸುಕಂದೇ ನಿಂತ ಕಲ್ಲಿಗೆ ಕೈ ಮುಗಿಯದೆ ಮತ್ತೆಂತಕ್ಕೆ ಮುಗಿಯುದ್?"

ಹೀಗೆಂದು ಎರಡೂ ಬೂಟು ಕಳಚಿದರು. ಈ ಸಲ ಮತ್ತೆ ಹಾಕಿಕೊಳ್ಳಲಿಲ್ಲ. ದಾರಗಳನ್ನು ಒಂದಕ್ಕೊಂದು ಗಂಟು ಹಾಕಿ, ಬೂಟುಗಳನ್ನು ಕೊರಳಿಗೆ ನೇತುಹಾಕಿಕೊಂಡು, ಪಂಚೆ ಎತ್ತಿ ಕಟ್ಟಿ, ಬರಿಗಾಲಿನಲ್ಲಿ ಗುಡ್ಡ ಹತ್ತತೊಡಗಿದರು.

ಹೂ ಮುಡಿದ ದನಗಳು

ಅದು ನಡಿಗೆಯಲ್ಲ, ಓಟ. ಬೆಳಗ್ಗಿನಿಂದ ಆ ಬೂಟಿನೊಳಗೆ ಒದ್ದಾಡುತ್ತಿದ್ದ ಕಾಲು ಈಗ ಬಿಡುಗಡೆಯಾಗಿತ್ತು. ಬೆರಳುಗಳು ನೆಲ ಕಚ್ಚಿ ಹಿಡಿಯುವುದು ಹಿಂದಿನಿಂದ ಕಾಣುತ್ತಿತ್ತು. ಕಲ್ಲು ಬಂದಾಗಲೆಲ್ಲ ನಿಲ್ಲದೆಯೇ ಕೈಮುಗಿದು ಹಣೆಗೆ ಮುಟ್ಟಿಸಿ ಮುಂದೆ ನಡೆದರು. ನಾನು ಜಾರುತ್ತ, ಹುಲ್ಲು ಹಿಡಿಯುತ್ತ, ನಾಲ್ಕು ಕಾಲಿನಲ್ಲಿ ಹಿಂಬಾಲಿಸಿದೆ. ಗುಡ್ಡ ಇಳಿದು ಬರುತ್ತಿದ್ದ ಗಂಡ ಹೆಂಡಿರಿಬ್ಬರು, ಕೊರಳಲ್ಲಿ ಬೂಟಿನ ಮಾಲೆ ಹಾಕಿಕೊಂಡು ಬರಿಗಾಲಲ್ಲಿ ಓಡುವ ಮನುಷ್ಯನನ್ನು ಕಂಡು ನಮಸ್ಕಾರ ಹೇಳುವುದನ್ನೇ ಮರೆತರು.

ಕಾಡು ಮುಗಿದು ಹುಲ್ಲುಗಾವಲು ಬರುವಷ್ಟರಲ್ಲಿ ಮೇಲಿನಿಂದ ಗಂಟೆಗಳ ಸದ್ದು ಉರುಳಿ ಬಂತು. ಚಳಿಗಾಲಕ್ಕೆ ಮುಂಚೆ ದನಗಳನ್ನು ಬೆಟ್ಟದಿಂದ ಊರಿಗೆ ಇಳಿಸುವ ದಿನವಂತೆ ಅದು. ಮೂವತ್ತು ನಲವತ್ತು ದನ, ಕೊರಳಲ್ಲಿ ಕೊಡದಷ್ಟು ದೊಡ್ಡ ಗಂಟೆ, ಕೊಂಬಿಗೆ ಹೂವಿನ ಕಿರೀಟ. ನಮ್ಮ ಗೋಪೂಜೆಯ ದಿನ ಇಡೀ ಊರಿನ ಹಟ್ಟಿಗಳನ್ನು ಒಟ್ಟಿಗೆ ಬಿಚ್ಚಿಬಿಟ್ಟಂತಿತ್ತು. ದಾರಿ ಪೂರ್ತಿ ತುಂಬಿಹೋಯಿತು. ಹೋಗಲು ಎಡೆಯಿಲ್ಲ.

ಇನ್ನೇನು ಹೊತ್ತು ಹೋಯಿತು ಎಂದು ನಾನು ಅಳುವಂತಾದೆ. ಮೇಸ್ತ್ರಿಗಳ ಮುಖ ನೋಡಿದರೆ ದೀಪ ಹಚ್ಚಿದಂತಿತ್ತು.

"ಗಂಟಿಗೆ ಹೂ ಮುಡ್ಸಿರ್ ಕಾಣಿ, ರೈಟ್ರೇ. ಇವ್ರ್ ನಮ್ಮೋರೇ."

ನಮ್ಮ ಕಡೆ ದನಕರುಗಳಿಗೆ ಗಂಟಿ ಎನ್ನುವುದು. ಮೇಸ್ತ್ರಿಗಳು ಎಲ್ಲಕ್ಕಿಂತ ಮುಂದಿದ್ದ ದನದ ಎದುರು ನಿಂತು ಕೈಯಲ್ಲಿ ಬೆಲ್ಲದ ಉಂಡೆ ಹಿಡಿದರು. ಅದು ನೆಕ್ಕಿತು. ಹಣೆಗೆ ಕುಂಕುಮವಿಟ್ಟು, ನಮ್ಮ ಹಟ್ಟಿಯಲ್ಲಿ ಮಾಡುವಂತೆ ನಾಲಿಗೆಯಲ್ಲಿ ಟಕ್ ಟಕ್ ಎಂದು ಸದ್ದು ಮಾಡಿ ಪಕ್ಕಕ್ಕೆ ಸರಿಸಿದರು. ಮುಂದಿನದು ಸರಿದದ್ದೇ ಹಿಂದಿನವೂ ಒಂದೊಂದಾಗಿ ಸರಿದವು. ಕಾಯುವವನು ಆರಡಿ ಎತ್ತರದ ಗಡ್ಡದ ಮನುಷ್ಯ. ಬೈಯುತ್ತಾನೆಂದುಕೊಂಡೆ, ಆದರೆ ಅವನು ಕುಂಕುಮವಿಟ್ಟ ದನವನ್ನು ನೋಡಿ ಟೊಪ್ಪಿ ತೆಗೆದ. ದನಗಳ ನಡುವೆ ಸೀಳಿದ ದಾರಿಯಲ್ಲಿ ಮೇಸ್ತ್ರಿಗಳು ಮೇಲೆ ಓಡಿದರು. ನಾನು ಮಾತ್ರ ಒಂದು ಕೊಬ್ಬಿದ ಹೋರಿಯ ಹಿಂದೆ ಸಿಕ್ಕಿಬಿದ್ದೆ.

ತುದಿ

ಕೊನೆಯ ಏರಿನಲ್ಲಿ ನನಗೆ ಮೇಸ್ತ್ರಿಗಳು ಕಾಣಿಸುತ್ತಿರಲಿಲ್ಲ. ಅಷ್ಟರಲ್ಲಿ ಕೆಳಗೆ ಎಲ್ಲೋ ಆಳದಲ್ಲಿ, ಓಬರ್‌ಬಾಖಿನ ಇಗರ್ಜಿಯ ಗಂಟೆ ಮಧ್ಯಾಹ್ನ ಬಾರಿಸತೊಡಗಿತು. ನಾನು ಅಲ್ಲೇ ಕುಸಿದು ಕೂತೆ. ಅವರು ಮುಟ್ಟಿದರೋ ಇಲ್ಲವೋ ಗೊತ್ತಿಲ್ಲ. ಹನ್ನೆರಡು ಹೊಡೆತ ಮುಗಿದ ಮೇಲೂ ಗಂಟೆ ಬಾರಿಸುತ್ತಲೇ ಇತ್ತು. ಕೊಲ್ಲೂರಿನ ಅಮ್ಮನ ಹೆಸರನ್ನು ನಾನು ಆವತ್ತು ಬಾಯ್ಬಿಟ್ಟು ಹೇಳಿದೆ, ನಾಚಿಕೆಪಡದೆ ಬರೆಯುತ್ತಿದ್ದೇನೆ.

ತೆವಳಿಕೊಂಡು ತುದಿ ಮುಟ್ಟಿದಾಗ ಮೇಸ್ತ್ರಿಗಳು ಹಿಂದಿನ ರಾತ್ರಿ ಬಿದ್ದ ಹಿಮದ ತೇಪೆಯೊಂದರ ಪಕ್ಕ ನಿಂತಿದ್ದರು. ಅವಲಕ್ಕಿ ಬೆಲ್ಲ ಕಲಸಿ ಎಲೆಯ ಮೇಲಿಟ್ಟಿದ್ದರು. ಕಾಲು ಕೆಂಪಡರಿತ್ತು. ಕೆನ್ನೆ ಒದ್ದೆಯಾಗಿತ್ತು. ನಾನು ಕೇಳುವ ಮೊದಲೇ ಅವರು ಕೆಳಗಿನ ಕಣಿವೆಯ ಕಡೆ ಕೈ ತೋರಿಸಿದರು.

"ನಾನ್ ಕೈ ಮುಗಿದ್ದೇ ಗಂಟೆ ಬಾರ್ಸಿದ್ರ್. ಸಮಾ ಹೊತ್ತಿಗೆ."

ಅವರಿಗೆ ಅದು ಮಂಗಳಾರತಿಯ ಗಂಟೆ. ಅಷ್ಟು ದೂರದ ಜನಕ್ಕೆ ತಮ್ಮ ಹರಕೆ ಹೇಗೆ ತಿಳಿಯಿತು ಎಂಬುದೊಂದೇ ಅವರಿಗೆ ಬಗೆಹರಿಯದ ವಿಷಯ. ಆಮೇಲೆ ಏನಾಯಿತೆಂದರೆ, ಐವತ್ತು ದಾಟಿದ ಹಂಚಿನ ಮೇಸ್ತ್ರಿ ಮತ್ತು ಅರ್ಧ ಜರ್ಮನ್ ಬಲ್ಲ ರೈಟರ್ ಹಿಮವನ್ನು ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎಸೆದಾಡಿದೆವು. ನನಗೆ ಬಿದ್ದ ಮೊದಲ ಉಂಡೆ ಬಹಳ ಬಿಗಿಯಾಗಿತ್ತು. ಅದು ಮಣ್ಣು ಹದ ಮಾಡಿದ ಕೈ, ಮತ್ತು ಬೆಳಗ್ಗಿನ ಸಿಟ್ಟು ಪೂರ್ತಿ ಆರಿರಲಿಲ್ಲ ಎಂದು ಕಾಣುತ್ತದೆ.

ಹೊರಡುವ ದಿನ ಅಜ್ಜಿ ಆ ಬೂಟನ್ನು ಮೇಸ್ತ್ರಿಗಳಿಗೇ ಕೊಟ್ಟುಬಿಟ್ಟರು. ಮೇಸ್ತ್ರಿಗಳು ಅದನ್ನು ಬೀದಿಯ ತಿರುವು ದಾಟುವವರೆಗೆ ಹೊತ್ತು, ಆಮೇಲೆ ನನ್ನ ಕೈಗಿತ್ತರು.

ಕೊಡಚಾದ್ರಿ

ನಾವು ಊರು ಮುಟ್ಟಿದ ತಿಂಗಳಲ್ಲಿ ಗಿರಿಜ ಹೆತ್ತಳು. ಹೆಣ್ಣು ಮಗು, ದುಂಡು ದುಂಡಗೆ, ಕಾರ್ಖಾನೆಯ ಕೂಗನ್ನೂ ಮೀರಿಸುವ ಸ್ವರ. ಮೇಸ್ತ್ರಿಗಳು ಆ ದಿನ ಹೊಸ ಯಂತ್ರದಲ್ಲಿ ಒತ್ತಿದ ಹಂಚೆಲ್ಲ ಸೊಟ್ಟಗಾಗಿತ್ತು.

ಮರುವರ್ಷದ ವಿಜಯದಶಮಿಗೆ ಮೇಸ್ತ್ರಿಗಳು ಕೊಡಚಾದ್ರಿಗೆ ಹೊರಟರು. ಪರದೇಶದ ಗುಡ್ಡ ಹರಕೆಗಾಯಿತು, ಇದು ಸಂತೋಷಕ್ಕೆ ಎಂದರು. ಗಿರಿಜಳನ್ನೂ ಮಗುವನ್ನೂ ಕೊಲ್ಲೂರಿನಲ್ಲಿ ಬಿಟ್ಟು, ನಾವಿಬ್ಬರು ಬೆಳಕು ಹರಿಯುವಾಗಲೇ ಕಾಡು ಹೊಕ್ಕೆವು. ನಾನು ಆ ಬೂಟು ಹಾಕಿಕೊಂಡಿದ್ದೆ. ಕುಂದಾಪುರದ ಪೇಟೆಯಲ್ಲಿ ಅದನ್ನು ಮೆಟ್ಟಿ ಮೆರೆದು ಸಾಕಾಗಿರಲಿಲ್ಲ. ಮೇಸ್ತ್ರಿಗಳದು ಬರಿಗಾಲು, ಕೈಯಲ್ಲಿ ಎರಡು ಡಬ್ಬಿ, ಒಂದು ಕುಂಚ.

ಆ ಕಾಡಿನಲ್ಲಿ ದನದ ಜಾಡೂ ಮನುಷ್ಯರ ಜಾಡೂ ಒಂದೇ. ಪ್ರತಿವರ್ಷ ಯಾರಾದರೂ ದಾರಿ ತಪ್ಪಿ ಅಲೆಯುವುದಿತ್ತು. ಮೇಸ್ತ್ರಿಗಳು ಕವಲು ಬಂದಲ್ಲೆಲ್ಲ ಒಂದು ಕಲ್ಲು ಹುಡುಕಿ, ಒರೆಸಿ, ಬಿಳಿ, ಕೆಂಪು, ಬಿಳಿ ಎಂದು ಮೂರು ಪಟ್ಟೆ ಎಳೆದರು. ಸುಣ್ಣವಾದರೆ ಕೊಲ್ಲೂರಿನ ಮಳೆಗೆ ಒಂದು ವಾರ ನಿಲ್ಲದು ಎಂದು ಕಾರ್ಖಾನೆಯ ಬೋರ್ಡಿಗೆ ಬಳಿಯುವ ಎಣ್ಣೆಬಣ್ಣವನ್ನೇ ತಂದಿದ್ದರು. ಹನ್ನೊಂದು ಕಲ್ಲಿಗೆ ಬಳಿದು, ಹೊತ್ತಿಗೆ ಮುಂಚೆಯೇ ತುದಿ ಮುಟ್ಟಿ, ಕೈಮುಗಿದು, ಅವಲಕ್ಕಿ ತಿಂದು ಇಳಿದೆವು.

ಇಳಿಯುವಾಗ ಮೊದಲು ಸಿಕ್ಕ, ನಾವು ಕೊನೆಯಲ್ಲಿ ಬಳಿದ ಕಲ್ಲಿನ ಸುತ್ತ ಐದಾರು ಜನ ನಿಂತಿದ್ದರು. ಕಲ್ಲಿನ ತಲೆಯ ಮೇಲೆ ದಾಸವಾಳ, ಬುಡದಲ್ಲಿ ಒಡೆದ ತೆಂಗಿನಕಾಯಿ, ಊದುಬತ್ತಿ. ಎಲ್ಲರೂ ಕಲ್ಲು ಮುಟ್ಟಿ ಹಣೆಗೆ ಒತ್ತಿಕೊಂಡಿದ್ದರು. ಬಣ್ಣ ಒಣಗಿರಲಿಲ್ಲ. ಪ್ರತಿಯೊಬ್ಬರ ಹಣೆಯ ಮೇಲೂ ನಮ್ಮ ಕಾರ್ಖಾನೆಯ ಬೋರ್ಡಿನ ಕೆಂಪು.

ನಾನು ಬಾಯಿ ತೆರೆದೆ. ಹೋದ ವರ್ಷ ಸುಮ್ಮನಿದ್ದು ಕೆಟ್ಟಿದ್ದೆ, ಈ ಸಲ ಹೇಳಿಯೇಬಿಡಬೇಕು ಎಂದಿತ್ತು. ಅಷ್ಟರಲ್ಲಿ ಅವರಲ್ಲಿ ಹಿರಿಯಳಾದ ಒಬ್ಬ ಅಜ್ಜಿ ನನ್ನ ಕಾಲನ್ನು ನೋಡಿ ಮುಖ ಗಂಟಿಕ್ಕಿದಳು.

"ಹ್ವಾಯ್, ಮೆಟ್ಟ್ ತೆಗಿನಿ. ಇಲ್ಲ್ ಅಮ್ಮ ಮೂಡಿದ್ಲ್. ಹೋದ್ ಸಲ ನಾವ್ ದಾರಿ ತಪ್ಪಿ ಅತ್ಕಂಡ್ ತಿರ್ಗಿದ್ದ್, ಈ ಸಲ ಅವ್ಳೇ ಕೈ ಹಿಡ್ದ್ ಕರ್ಕಂಡ್ ಬಂದ್ಲ್."

ನಾನು ಮೇಸ್ತ್ರಿಗಳ ಕಡೆ ನೋಡಿದೆ. ಅವರು ಆಗಲೇ ಕಲ್ಲಿನ ಎದುರು ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದರು. ಬೆರಳುಗಳ ಸಂದಿಯಲ್ಲಿ ಒಣಗದ ಬಣ್ಣ, ತುಟಿಯ ತುದಿಯಲ್ಲಿ ತಡೆದಿಟ್ಟ ನಗು. ಈ ಸಲ ನಗುವ ಸರದಿ ಅವರದಾಗಿತ್ತು.

ನಾನು ಆ ಕಲ್ಲಿನ ಮುಂದೆ ನೆಲಕ್ಕೆ ಕೂತು ಬೂಟಿನ ದಾರ ಬಿಚ್ಚತೊಡಗಿದೆ. ಇನ್ನೂ ಹತ್ತು ಕಲ್ಲು ಬಾಕಿ ಇತ್ತು.